ಸರಿಯುತ್ತರ ಕೇಳಿದ ಅಂಬಿಗ

"ಹಿರಿಯರೂ ಕಿರಿಯರೂ ಕಿವಿಗೊಟ್ಟು ಕೇಳಿ. ಅರಮನೆಯ ಪುಸ್ತಕದ ಮನೆಗೆ ಮುತ್ತಾತ ದೊರೆಗಳು ಬೀಗ ಹಾಕಿಸಿ ಹೋಗಿದ್ದಾರೆ. ಅವರು ಬಿಟ್ಟುಹೋದ ಮೂರು ಒಗಟು ಬಿಡಿಸಿದವನಿಗೆ ಆ ಬಾಗಿಲು ತೆರೆಯುತ್ತದೆ, ಅರ್ಧ ರಾಜ್ಯ ಸಿಗುತ್ತದೆ, ದೊರೆಮಗಳು ಅವನ ಕೈಹಿಡಿಯುತ್ತಾಳೆ. ಬಿಡಿಸಲಾರದವನ ತಲೆ ಕೋಟೆಬಾಗಿಲಲ್ಲಿ ಉರುಳುತ್ತದೆ."

ಸಿರಿವಳಲು ಪಟ್ಟಣದಲ್ಲಿ ಈ ಡಂಗುರ ಸಾರಿ ಸಾರಿ, ಸಾರುವವನ ಗಂಟಲೇ ಕಟ್ಟಿಹೋಗಿತ್ತು. ಒಗಟು ಕೇಳುವ ಕೆಲಸ ದೊರೆಮಗಳು ಹೊನ್ನಾಂಬೆಯದು. ಉತ್ತರ ಸರಿಯೋ ತಪ್ಪೋ ಎಂದು ಹೇಳುವವನು ಅರಮನೆಯ ಪಂಡಿತ ಭಾನುದತ್ತ. ಮುತ್ತಾತನು ಉತ್ತರಗಳನ್ನು ಒಂದು ಓಲೆಯ ಮೇಲೆ ಬರೆಸಿ ರೇಷ್ಮೆಯಲ್ಲಿ ಸುತ್ತಿಟ್ಟಿದ್ದ. ಪಂಡಿತ ಅದನ್ನು ಬಿಚ್ಚುವನು, ಹುಬ್ಬು ಗಂಟಿಕ್ಕಿ ನೋಡುವನು, ಅಲ್ಲವೆಂದು ತಲೆಯಾಡಿಸಿ ಮತ್ತೆ ಸುತ್ತುವನು. ಅಷ್ಟಕ್ಕೆ ಒಬ್ಬನ ಕತೆ ಮುಗಿಯುತ್ತಿತ್ತು.

ಮೊದಲನೆಯವನು ಸತ್ತಾಗ ಹೊನ್ನಾಂಬೆಗೆ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ಆಮೇಲಾಮೇಲೆ ಇಳಿಯಿತು. ಈಗೀಗ ಸಭೆ ಮುಗಿದರೆ ನೆಟ್ಟಗೆ ಊಟದ ಮನೆಗೆ ಹೋಗುತ್ತಿದ್ದಳು, ಉಪ್ಪು ಕಡಿಮೆಯಾದರೆ ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ತಾನು ಹೀಗಾದೆನಲ್ಲ ಎಂಬ ಸಂಕಟವೂ ಅವಳಿಗಾಗುತ್ತಿರಲಿಲ್ಲ.

ಆ ದಿನ ಮೂವರು ಬಂದಿದ್ದರು. ಒಬ್ಬ ನೆರೆಯ ರಾಜ್ಯದ ಯುವರಾಜ. ಕುದುರೆಯಿಂದ ಇಳಿಯುವ ಮೊದಲೇ ಅರ್ಧ ರಾಜ್ಯಕ್ಕೆ ಗಡಿ ಎಲ್ಲಿ ಹಾಕುವುದೆಂದು ವಿಚಾರಿಸಿದವನು. ಇನ್ನೊಬ್ಬ ಹೆಸರಾಂತ ವ್ಯಾಪಾರಿಯ ಮಗ. ಹಿಂದೆ ನಿಂತಿದ್ದವನು ಹೊಳೆ ದಾಟಿಸುವ ಅಂಬಿಗ ಮಾಲಿಂಗ. ಅವನ ಪಂಚೆಯ ಅಂಚು ಇನ್ನೂ ಒದ್ದೆಯಾಗಿತ್ತು.

ಹೊನ್ನಾಂಬೆ ಬಾಯಿಪಾಠ ಒಪ್ಪಿಸಿದಳು. "ಹುಟ್ಟಿದಾಗ ಯಾರ ಕಣ್ಣಿಗೂ ಕಾಣದು, ಮೈಗೆ ಮಸಿ ಬಳಿದ ಮೇಲೆಯೇ ಕಾಣುವುದು. ಅದು ಯಾವುದು? ಪೂಜೆ ಮಾಡಿ ಕಟ್ಟಿಟ್ಟರೆ ಸಾಯುವುದು, ಹತ್ತು ಕೈ ಮುಟ್ಟಿದರೆ ಬದುಕುವುದು. ಅದು ಯಾವುದು? ಮಗಳು ಹುಟ್ಟಿದ ಮೇಲೆ ತಾಯಿಯನ್ನು ಹೊಳೆಗೆ ಬಿಡುತ್ತಾರೆ. ಯಾರೂ ಅಳುವುದಿಲ್ಲ, ತಾಯಿಯ ಮಾತನ್ನೇ ಮಗಳು ಆಡುತ್ತಾಳೆ. ಆ ತಾಯಿ ಮಗಳು ಯಾರು?"

ಯುವರಾಜ ಮೊದಲನೆಯದಕ್ಕೆ ಇರುಳು ಎಂದ, ಎರಡನೆಯದಕ್ಕೆ ಕತ್ತಿ ಎಂದ, ಮೂರನೆಯದಕ್ಕೆ ಮೋಡವೂ ಮಳೆಯೂ ಎಂದ. ಪಂಡಿತ ಓಲೆ ನೋಡಿ ತಲೆಯಾಡಿಸಿದ. ವ್ಯಾಪಾರಿಯ ಮಗ ಎರಡನೆಯದಕ್ಕೆ ಹೊನ್ನು ಎಂದಾಗ ಸಭೆಯಲ್ಲಿ ಹಲವರು ಹೌದಲ್ಲವೇ ಎಂದುಕೊಂಡರು. ಪಂಡಿತ ಅದಕ್ಕೂ ತಲೆಯಾಡಿಸಿದ. ಇಬ್ಬರೂ ಅತ್ತರು, ಕಾಲಿಗೆ ಬಿದ್ದರು. ಕಾವಲಿನವರು ಅವರನ್ನು ಎಳೆದುಕೊಂಡು ಹೋದರು.

ಮಾಲಿಂಗ ಮುಂದೆ ಬಂದು, ಯಾರದೋ ಮಾತು ತಲುಪಿಸುವವನ ಹಾಗೆ ಹೇಳಿದ. ಮೊದಲನೆಯದು ಓಲೆಯ ಮೇಲೆ ಕೊರೆದ ಅಕ್ಷರ. ಎರಡನೆಯದು ಪುಸ್ತಕ. ಮೂರನೆಯದು ಹಳೆಯ ಪ್ರತಿ ಮತ್ತು ಅದನ್ನು ನೋಡಿ ಬರೆದ ಹೊಸ ಪ್ರತಿ.

ಪಂಡಿತ ಓಲೆ ಬಿಚ್ಚಿದ, ನೋಡಿದ, ತಲೆಯಾಡಿಸಿದ.

"ಆಗಲಿ ಬುದ್ಧಿ, ತಲೆ ತಗೊಳ್ಳಿ," ಎಂದ ಮಾಲಿಂಗ. "ಆದರೆ ಸರಿಯುತ್ತರ ಏನೂಂತ ಓದಿ ಹೇಳಿಬಿಡಿ. ಕೇಳ್ಕಂಡು ಹೋಗ್ತೀನಿ."

ಪಂಡಿತನ ಕೈ ರೇಷ್ಮೆಯ ಮೇಲೆ ನಿಂತುಹೋಯಿತು. ಇಷ್ಟು ಜನರಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಎಲ್ಲರಿಗೂ ಜೀವದ ಚಿಂತೆಯಾಗಿತ್ತು, ಉತ್ತರ ಯಾರಿಗೆ ಬೇಕಿತ್ತು? ದೊರೆ ಓದು ಎಂದ. ಪಂಡಿತ ಗುಟ್ಟು ಬಿಟ್ಟುಕೊಡಬಾರದೆಂದ, ಕಣ್ಣು ಮಂಜೆಂದ. ಕೊನೆಗೆ ಹೊನ್ನಾಂಬೆಯೇ ಎದ್ದು ಹೋಗಿ, ದೀಪವನ್ನು ತಂದು ಓಲೆಯ ಪಕ್ಕ ಹಿಡಿದಳು.

"ಓದಲು ಬರುವುದಿಲ್ಲ," ಎಂದ ಭಾನುದತ್ತ. "ಇವು ಹಳೆಯ ಅಕ್ಷರ. ನನ್ನ ಗುರುಗಳಿಗೂ ಬರುತ್ತಿರಲಿಲ್ಲ. ಸರಿ ಎಂದರೆ ಪುಸ್ತಕದ ಮನೆ ತೆರೆಯುತ್ತದೆ. ತೆರೆದರೆ ನನ್ನನ್ನು ಕೂರಿಸಿ ಓದು ಎನ್ನುತ್ತೀರಿ."

ಆ ಇಬ್ಬರನ್ನು ಉಳಿಸಲು ಕೋಟೆಬಾಗಿಲಿಗೆ ಆಳು ಓಡಿದ, ಆದರೆ ಅಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ನಿನಗೆ ಸಾವಿನ ಹೆದರಿಕೆ ಇಲ್ಲವೇ ಎಂದು ದೊರೆ ಮಾಲಿಂಗನನ್ನು ಕೇಳಿದ.

"ಇದು ನಾ ಕಂಡ ಉತ್ತರ ಅಲ್ಲ ಬುದ್ಧಿ. ಹಿಂದೆಲ್ಲ ಹಳೇ ಓಲೆಗಳನ್ನ ನಡುಹೊಳೇಲಿ ಬಿಡೋಕೆ ನಮ್ಮ ದೋಣೀಲೇ ಬರೋರು ಅಂತ ತಾತ ಹೇಳ್ತಿದ್ದ. ಅದನ್ನ ನೆನೆಸ್ಕಂಡು ನಮ್ಮಣ್ಣ ಬಿಡಿಸಿದ. ಇಲ್ಲೇ ನಿಂತು ಇದೇ ಮೂರು ಮಾತು ಹೇಳಿ ಹೋದ. ಅವನು ಸತ್ತ ಮೇಲೆ ನನಗೆ ಅಳುವೂ ಬರಲಿಲ್ಲ, ಹಸಿವೂ ಗೊತ್ತಾಗಲಿಲ್ಲ. ಎಲ್ಲಿ ತಪ್ಪಿದ ಅಂತ ತಿಳಕೊಳ್ಳೋಣ ಅಂತ ಬಂದೆ, ಅಷ್ಟೇ."

ಗಡಿಯಾಚೆಯ ಮಠವೊಂದರಿಂದ ಹಳೆಯ ಅಕ್ಷರ ಬಲ್ಲ ಮುದುಕರೊಬ್ಬರನ್ನು ಪಲ್ಲಕ್ಕಿಯಲ್ಲಿ ಕರೆತಂದರು. ಅವರು ಓಲೆ ಹಿಡಿದು ನಿಧಾನವಾಗಿ ಓದಿದರು. ಕೊರೆದ ಅಕ್ಷರ ಕಾಣಬೇಕಾದರೆ ಓಲೆಗೆ ಮಸಿ ತಿಕ್ಕಬೇಕು. ಕಟ್ಟಿಟ್ಟ ಪುಸ್ತಕ ಹುಳುವಿನ ಪಾಲು, ಬಿಚ್ಚಿ ಓದಿದ್ದು ಉಳಿಯುತ್ತದೆ. ಹಳೆಯ ಪ್ರತಿ ಜೀರ್ಣವಾದರೆ ಹೊಸದು ಬರೆದುಕೊಂಡು ಹಳೆಯದನ್ನು ಹೊಳೆಗೆ ಬಿಡಬೇಕು. ಅಣ್ಣ ಎಲ್ಲಿಯೂ ತಪ್ಪಿರಲಿಲ್ಲ. ಮಾಲಿಂಗ ಹೂಂ ಎಂದು ನೆಲ ನೋಡುತ್ತ ನಿಂತ.

ದೊರೆ ಮಾತಿನಂತೆ ಅರ್ಧ ರಾಜ್ಯವನ್ನೂ ಮಗಳನ್ನೂ ಕೊಡಲು ಮುಂದಾದ. ಅಂಬಿಗ ಎರಡೂ ಬೇಡವೆಂದ. ಹೊನ್ನಾಂಬೆಯತ್ತ ತಿರುಗಿ, ಅಮ್ಮಣ್ಣಿಯವರು ತಪ್ಪು ತಿಳಿಯಬಾರದೆಂದೂ ಹೇಳಿದ. ಒಳಗಿರುವ ಪುಸ್ತಕಗಳನ್ನೆಲ್ಲ ಈಗಿನ ಅಕ್ಷರದಲ್ಲಿ, ಸಂತೆಗೆ ಹೋಗುವವರಿಗೂ ತಿಳಿಯುವ ಮಾತಿನಲ್ಲಿ ಬರೆಸಿ ಊರೂರಿಗೆ ಕೊಡಬೇಕು, ಅಷ್ಟು ಸಾಕು ಎಂದ. ದೊರೆ ಒಪ್ಪಿದ, ಹೊಳೆ ದಾಟಿಸುವ ಕಡವಿನ ಹಕ್ಕನ್ನೂ ಅವನ ವಂಶಕ್ಕೇ ಬಿಟ್ಟುಕೊಟ್ಟ. ಪಂಡಿತನ ತಲೆ ತೆಗೆಸುವೆನೆಂದಾಗ ಹೊನ್ನಾಂಬೆ, ಇನ್ನು ಸಾಕಪ್ಪಾ ಎಂದಳು. ಭಾನುದತ್ತನನ್ನು ಆ ಮುದುಕರ ಎದುರು ಅಕ್ಷರ ಕಲಿಯಲು ಕೂರಿಸಿದರು.

ಪುಸ್ತಕದ ಮನೆಯ ಬಾಗಿಲು ತೆರೆದ ದಿನ ಹೊನ್ನಾಂಬೆಯೂ ಬರೆಯಲು ಕುಳಿತಳು. ಮೊದಲ ಓಲೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ದೋಣಿಗೆ ಹೊರಟಿದ್ದ ಮಾಲಿಂಗನನ್ನು ನಿಲ್ಲಿಸಿದಳು.

"ನಿನ್ನ ಅಣ್ಣನ ಹೆಸರೇನು?"

"ಕರಿಬೀರ, ಅಮ್ಮಣ್ಣಿ."

ಅವಳು ಅದನ್ನು ಬರೆದಳು. ಸತ್ತವರಲ್ಲಿ ಉಳಿದವರ ಹೆಸರನ್ನೂ ಬರೆಯೋಣವೆಂದು ಕಾವಲಿನವರನ್ನು ಕೇಳಿದಳು, ಸಭೆಯವರನ್ನು ಕೇಳಿದಳು. ಯುವರಾಜನದೊಂದು, ವ್ಯಾಪಾರಿಯ ಮಗನದೊಂದು ಸಿಕ್ಕಿತು. ಮಿಕ್ಕವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಸಾಯುವ ಮುನ್ನ ಅವರ ಜೊತೆ ಮಾತಾಡಿದ್ದವಳು ಅವಳೊಬ್ಬಳೇ, ಅವಳು ಕೇಳಿರಲಿಲ್ಲ.