ಹೆಸರಿನೊಳಗಿನ ಒಂಬತ್ತು

“ಬುದ್ಧೀ, ಹೊಸದನ್ನು ಹಾಕಿಸಲೋ, ಹಳೆಯದರಲ್ಲೇ ಇರಲೋ?”

ಕೇಳಿದವನು ಮರುಳಸಿದ್ಧ, ಮಠದ ಕಚೇರಿಯ ಪತ್ರ ದಾಖಲೆಗಳನ್ನು ನೋಡಿಕೊಳ್ಳುವ ಶಿಷ್ಯ. ಮಠದ ವಿದ್ಯಾರ್ಥಿನಿಲಯದಲ್ಲಿ ಓದಿ ಹೋದ ಮಕ್ಕಳ ಹೆಸರು, ಊರು, ಹುಟ್ಟಿದ ತಾರೀಕು ಎಲ್ಲವೂ ಅವನ ಕಂಪ್ಯೂಟರಿನಲ್ಲಿದ್ದವು. ಹದಿನೇಳು ವರ್ಷಗಳಿಂದ ಒಂದೇ ತಂತ್ರಾಂಶದಲ್ಲಿ ಬರೆದಿಟ್ಟಿದ್ದ. ಈಗ ಅದರ ಹೊಸ ಆವೃತ್ತಿ ಬಂದಿತ್ತು. ಬೆಳಿಗ್ಗೆ ಯಂತ್ರ ತೆರೆದರೆ ಸಾಕು, ‘ಈಗ ಹಾಕಲೇ, ಆಮೇಲೆ ಹಾಕಲೇ’ ಎಂದು ಪರದೆಯ ಮೇಲೆ ಒಂದು ಚೌಕ ಎದ್ದು ನಿಲ್ಲುತ್ತಿತ್ತು. ಎರಡು ತಿಂಗಳಿಂದ ಅವನು ‘ಆಮೇಲೆ’ ಎಂಬುದನ್ನೇ ಒತ್ತುತ್ತ ಬಂದಿದ್ದ.  ಮಧ್ಯಾಹ್ನ ಪಂಕ್ತಿಯಲ್ಲಿ ಕುಳಿತರೆ ಅನ್ನ ಸೇರುತ್ತಿರಲಿಲ್ಲ.

“ಹಾಕಿಸಿದರೆ ಏನಾಗುತ್ತದೆ?” ಎಂದರು ಗುರುಗಳು.

“ಬರೆದಿಟ್ಟದ್ದೆಲ್ಲ ಕೆಟ್ಟುಹೋದರೆ, ಬುದ್ಧೀ? ಒಂದು ಹೆಸರು ಕೆಟ್ಟರೂ ಒಂದು ಮಗುವಿನ ದಾಖಲೆ ಕೆಟ್ಟ ಹಾಗೆ. ಹಾಕಿಸದಿದ್ದರೆ ಈ ಶುಕ್ರವಾರದಿಂದ ಹಳೆಯದನ್ನು ಕೇಳುವವರೇ ಇಲ್ಲವಂತೆ. ಅದು ಒಂದು ದಿನ ಕೈಕೊಟ್ಟರೆ ಯಾರ ಬಾಗಿಲಿಗೆ ಹೋಗಲಿ?”

“ಅತ್ತ ದರಿ, ಇತ್ತ ಪುಲಿ. ನಡುವೆ ನಮ್ಮ ಮರುಳ! ಕೂತುಕೋ” ಎಂದರು ಗುರುಗಳು. ಮರುಳಸಿದ್ಧ ಕುಳಿತ. ಅವರು ಹೀಗೆ ಹೇಳಿದರು.

ಒಂದು ಪಟ್ಟಣದ ಕಚೇರಿಯಲ್ಲಿ ಒಬ್ಬ ಬೆರಳಚ್ಚುಗಾರನಿದ್ದ. ಸಾಹೇಬರು ಬಂದರು, ಹೋದರು. ಇವನು ಕದಲಲಿಲ್ಲ. ಬೆರಳಚ್ಚಿನ ಯಂತ್ರ ಹೋಗಿ ಕಂಪ್ಯೂಟರ್ ಬಂದಾಗಲೂ ಕುರ್ಚಿ ಅದೇ, ಬೆರಳು ಅದೇ. ‘ಇವನ ಕೈಯಿಂದ ಬಂದ ಕಾಗದವನ್ನು ತಿದ್ದುವ ಹಾಗೇ ಇಲ್ಲ’ ಎಂದು ಹಿಂದೊಮ್ಮೆ ಒಬ್ಬ ಸಾಹೇಬರು ಹೇಳಿದ್ದರು. ಆ ಒಂದು ಮಾತನ್ನು ಅವನು ಇಪ್ಪತ್ತು ವರ್ಷ ಜೋಪಾನ ಮಾಡಿಕೊಂಡಿದ್ದ. ನಿವೃತ್ತಿಗೆ ಇನ್ನು ಒಂದು ವರ್ಷವಷ್ಟೇ ಇತ್ತು.

ಅವನ ಕಚೇರಿಗೂ ಹೊಸ ಆವೃತ್ತಿ ಬಂತು. ಜಿಲ್ಲೆಯ ಕಚೇರಿಯಲ್ಲಿ ಆಗಲೇ ಹಾಕಿಯಾಗಿತ್ತು. ಇವನು ಒಲ್ಲೆ ಎಂದ. ಬೇರೆ ಎಲ್ಲೋ ಹಾಕಿದ ಮರುದಿನವೇ ಅಕ್ಷರಗಳೆಲ್ಲ ಖಾಲಿ ಚೌಕಗಳಾಗಿ ಕೂತವಂತೆ, ಯಾರೋ ಒಬ್ಬ ಗುಮಾಸ್ತ ಅತ್ತೇಬಿಟ್ಟನಂತೆ. ಅಂತೆ ಕಂತೆಗಳ ಸಂತೆ! ಆದರೂ ಇವನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ‘ನಮಗೆ ಹಳೇ ಗಂಡನ ಪಾದವೇ ಗತಿ, ಸಾರ್’ ಎಂದು ಸಾಹೇಬರ ಮುಂದೆ ನಗೆಯಾಡಿದ. ಸಾಹೇಬರೂ ನಕ್ಕರು. ನಗುವವರ ಜೊತೆ ನಕ್ಕನೇ ಹೊರತು ಅವನ ಎದೆ ಮಾತ್ರ ಪುಕಪುಕ ಎನ್ನುತ್ತಿತ್ತು. ಏಕೆಂದು ಯಾರಾದರೂ ಕೇಳಿದ್ದರೆ ಆ ಖಾಲಿ ಚೌಕಗಳ ಕತೆಯನ್ನೇ ಹೇಳುತ್ತಿದ್ದ.

ಆ ವರ್ಷ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದವರಿಗೆ ನಿವೇಶನದ ಹಕ್ಕುಪತ್ರ ಕೊಡುವುದೆಂದಾಯಿತು. ಹಕ್ಕುಪತ್ರ ಇಲ್ಲದವರ ಗುಡಿಸಲು ತೆಗೆದು ಅಲ್ಲಿ ರಸ್ತೆ ಮಾಡುವುದೆಂದೂ ಆಯಿತು. ನೂರನಲವತ್ತು ಹೆಸರು. ಪಟ್ಟಿಯನ್ನು ಇವನೇ ಬೆರಳಚ್ಚು ಮಾಡಿ ಜಿಲ್ಲೆಗೆ ಕಳಿಸಿದ.

ಆ ಹೆಸರಿನವರಲ್ಲಿ ದುರ್ಗಮ್ಮ ಎಂಬ ಬುಟ್ಟಿ ಹೆಣೆಯುವವಳೊಬ್ಬಳು. ಅಕ್ಷರ ಬಾರದು. ಬಸ್ಸಿನ ಹಲಗೆ, ಗೋಡೆಯ ಕ್ಯಾಲೆಂಡರು ನೋಡಿ ನೋಡಿ ಅಂಕಿ ಮಾತ್ರ ಕಲಿತಿದ್ದಳು. ವಾರಕ್ಕೊಮ್ಮೆ ಕಚೇರಿಯ ಬಾಗಿಲಿಗೆ ಬಂದು, ‘ಅಣ್ಣಾ, ನನ್ನ ಹೆಸರು ಐತಾ?’ ಎಂದು ಕೇಳುವಳು. ಇವನು ಯಂತ್ರದಲ್ಲಿ ಹುಡುಕಿ, ‘ಐತಮ್ಮಾ, ಹೋಗಿ ಬಾ’ ಎನ್ನುವನು. ಅವಳು ಪರದೆಗೊಂದು ಕೈಮುಗಿದು ಹೋಗುವಳು. ಮತ್ತೆ ವಾರ ಕಳೆಯುವುದರೊಳಗೆ ಅವಳಿಗೆ ದಿಗಿಲು ಹತ್ತುತ್ತಿತ್ತು, ಮತ್ತೆ ಬರುತ್ತಿದ್ದಳು.

ಜಿಲ್ಲೆಯಿಂದ ಉತ್ತರ ಬಂತು. ನೂರಿಪ್ಪತ್ತೆಂಟು ಹೆಸರಿಗೆ ಒಪ್ಪಿಗೆ. ಹನ್ನೆರಡು ಹೆಸರು ರೇಷನ್ ಕಾರ್ಡಿನ ಹೆಸರಿಗೆ ಹೊಂದುವುದಿಲ್ಲ, ಆದ್ದರಿಂದ ಬಿಟ್ಟಿದೆ. ತಿದ್ದುವುದಿದ್ದರೆ ಹೊಸ ಆವೃತ್ತಿಯಲ್ಲೇ ತಿದ್ದಿ ಹತ್ತು ದಿನದೊಳಗೆ ಕಳಿಸತಕ್ಕದ್ದು. ಕೊನೆಯ ಗಡುವು ಸೋಮವಾರ ಸಂಜೆ ಐದು ಗಂಟೆ. ಬಿಟ್ಟ ಹೆಸರುಗಳ ಪಟ್ಟಿಯನ್ನು ಕಚೇರಿಯ ಫಲಕಕ್ಕೆ ಅಂಟಿಸಿದರು. ಅದರಲ್ಲಿ ದುರ್ಗಮ್ಮನ ಹೆಸರೂ ಇತ್ತು.

ಬೆರಳಚ್ಚುಗಾರ ತನ್ನ ಯಂತ್ರದಲ್ಲಿ ಹುಡುಕಿದ. ಹನ್ನೆರಡೂ ಸಿಕ್ಕವು. ‘ನೋಡಿದಿರಾ ಸಾರ್, ಇಲ್ಲಿ ಇರುವ ಹೆಸರು ಅಲ್ಲಿ ಇಲ್ಲವಂತೆ! ಹೊಸದು ನುಂಗಿ ನೀರು ಕುಡಿದಿದೆ’ ಎಂದು ಸಾಹೇಬರಿಗೆ ತೋರಿಸಿದ. ಸಾಹೇಬರು ನಂಬಿದರು. ಇಪ್ಪತ್ತು ವರ್ಷ ತಪ್ಪು ಮಾಡದವನ ಮಾತು, ನಂಬದೆ ಇರುತ್ತಾರೆಯೇ? ಜಿಲ್ಲೆಗೆ ಒಂದು ಖಾರವಾದ ಪತ್ರ ಹೋಯಿತು. ಅಲ್ಲಿಂದ ಅಷ್ಟೇ ಖಾರವಾದ ಉತ್ತರ ಬಂತು. ಇಲ್ಲಿಂದ ಇನ್ನೊಂದು ಹೋಯಿತು.

ಹೀಗೆ ಒಂಬತ್ತು ದಿನ ಕಳೆದವು. ಗುಡಿಸಲುಗಳ ನಡುವೆ ರಸ್ತೆಯವರು ಸುಣ್ಣದ ಗೆರೆ ಎಳೆದು ಹೋದರು. ಗೆರೆ ದುರ್ಗಮ್ಮನ ಒಲೆಯ ಮೇಲೇ ಹಾದುಹೋಗಿತ್ತು. ಅವಳು ದಿನವೂ ಬರತೊಡಗಿದಳು. ಬೆರಳಚ್ಚುಗಾರನಿಗೆ ಅವಳ ಮುಖ ನೋಡಲು ಆಗದು. ‘ನಿನ್ನ ಹೆಸರು ನನ್ನಲ್ಲಿ ಐತಮ್ಮಾ, ಅವರಲ್ಲಿ ಇಲ್ಲ, ನಾನೇನು ಮಾಡಲಿ’ ಎಂದು ಕಡತದೊಳಗೆ ತಲೆ ಹುದುಗಿಸುವನು.

ಸೋಮವಾರ ಮಧ್ಯಾಹ್ನ ಅವಳು ಒಳಗೇ ಬಂದುಬಿಟ್ಟಳು. ಅಳಲಿಲ್ಲ, ಬೈಯಲಿಲ್ಲ. ‘ಅಣ್ಣಾ, ಆ ಪಟ್ಟಿಯಲ್ಲಿ ನನ್ನ ಹೆಸರು ಯಾವುದು, ಒಂದು ಸಲ ತೋರಿಸು. ಹೋಗುವ ಮುಂಚೆ ನೋಡಿಕೊಂಡು ಹೋಗ್ತೀನಿ’ ಎಂದಳು. ಇಷ್ಟಕ್ಕೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಫಲಕದ ಹತ್ತಿರ ಹೋಗಿ ಅವಳ ಹೆಸರಿನ ಮೇಲೆ ಬೆರಳಿಟ್ಟ. ಅವಳು ಬಗ್ಗಿ ನೋಡಿದಳು.

‘ನನ್ನ ಹೆಸರಿನೊಳಗೆ ಒಂಬತ್ತು ಯಾಕಣ್ಣಾ?’

‘ಒಂಬತ್ತಲ್ಲ ತಾಯಿ, ಅದು ಅರ್ಕಾವತ್ತು’ ಎಂದ ಅವನು. ತಾನೂ ಬಗ್ಗಿ ನೋಡಿದ.

ಜಿಲ್ಲೆಯವರ ಹೊಸ ಆವೃತ್ತಿಯಲ್ಲಿ ಅಚ್ಚಾದ ಆ ಕಾಗದದಲ್ಲಿ ‘ದುಗ೯ಮ್ಮ’ ಎಂದಿತ್ತು. ಗ ಅಕ್ಷರದ ಪಕ್ಕದಲ್ಲಿ ಅಂಕಿ ಒಂಬತ್ತು, ಸೆಟೆದು ನಿಂತಿತ್ತು.

ಅವನು ಬೆರಳಚ್ಚು ಕಲಿತ ಶಾಲೆಯ ಯಂತ್ರದಲ್ಲಿ ಅರ್ಕಾವತ್ತಿನ ಕೀಲಿ ಮುರಿದಿತ್ತು. ‘ಒಂಬತ್ತನ್ನು ಹೊಡಿಯಪ್ಪಾ, ಕಾಗದದ ಮೇಲೆ ಎರಡೂ ಒಂದೇ’ ಎಂದಿದ್ದರು ಕಲಿಸಿದವರು. ಒಂದೇ, ನಿಜ. ಸೂರ್ಯ ಎಂದು ಬರೆದಾಗ ಕೊನೆಗೆ ಬರುವ ಆ ಕೊಂಡಿಯನ್ನೂ ನಮ್ಮ ಒಂಬತ್ತನ್ನೂ ಅಕ್ಕಪಕ್ಕ ಇಟ್ಟರೆ ಅವಳಿಜವಳಿ. ಅಂದಿನಿಂದ ಅವನ ಬೆರಳು ಒಂಬತ್ತಿಗೇ ಹೋಗುತ್ತಿತ್ತು. ಬರೆಯುವಾಗಲೂ ಒಂಬತ್ತು, ಹುಡುಕುವಾಗಲೂ ಒಂಬತ್ತು. ಹಳೆಯ ತಂತ್ರಾಂಶ ಎರಡನ್ನೂ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿ ತೋರಿಸಿ, ಅವನು ಕೊಟ್ಟದ್ದನ್ನು ಅವನಿಗೇ ಹುಡುಕಿ ಕೊಡುತ್ತಿತ್ತು. ಓದು ಬಂದವರೆಲ್ಲ ಅದನ್ನು ಅಕ್ಷರವೆಂದೇ ಓದಿಕೊಂಡು ಹೋದರು. ಓದು ಬಾರದವಳಿಗೆ ಇದ್ದದ್ದು ಇದ್ದ ಹಾಗೆ ಕಂಡಿತು.

ಅವನು ಉಳಿದ ಹೆಸರುಗಳನ್ನು ನೋಡಿದ. ಮಾರ್ತಾಂಡಪ್ಪ, ಪಾರ್ವತೆಮ್ಮ, ಧರ್ಮಣ್ಣ, ಅರ್ಜುನಪ್ಪ. ಹನ್ನೆರಡಕ್ಕೆ ಹನ್ನೆರಡೂ ಅರ್ಕಾವತ್ತಿನ ಹೆಸರು.

ಅವನಿಗೆ ಇದು ಅಂದೇ ತಿಳಿಯಿತು ಎಂದುಕೊಂಡೆಯಾ, ಮರುಳಾ? ಹತ್ತು ವರ್ಷದ ಹಿಂದೆ, ಆಗತಾನೇ ಕೆಲಸಕ್ಕೆ ಸೇರಿದ ಗುಮಾಸ್ತೆಯೊಬ್ಬಳು, ‘ಸಾರ್, ನೀವು ಇಲ್ಲಿ ಒಂಬತ್ತು ಹೊಡೆದಿದ್ದೀರಿ ಅನ್ನಿಸುತ್ತದೆ’ ಎಂದಿದ್ದಳು. ‘ನಿನ್ನ ಕೆಲಸ ನೀನು ನೋಡಿಕೋ’ ಎಂದಿದ್ದ. ಅವಳು ಮತ್ತೆ ಎತ್ತಲಿಲ್ಲ. ಇವನೂ ಮರೆತ. ಮರೆತೆ ಎಂದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಹೊಸದು ಬಂತು ಎಂದಾಗಲೆಲ್ಲ ಇವನ ಎದೆ ಹಾರುತ್ತಿದ್ದದ್ದು ಅದಕ್ಕೇ.

ಗಂಟೆ ಮೂರಾಗಿತ್ತು. ಸುಮ್ಮನಿದ್ದರೆ ಆಯಿತು. ಎರಡು ಗಂಟೆ ಕಳೆದರೆ ಗಡುವು ಮುಗಿಯುತ್ತದೆ, ತಪ್ಪು ಜಿಲ್ಲೆಯದ್ದೇ ಆಗಿ ಉಳಿಯುತ್ತದೆ. ಅಕ್ಷರ ಬಾರದವಳ ಮಾತನ್ನು ಯಾರು ಕೇಳುತ್ತಾರೆ? ಎಂಟು ತಿಂಗಳು ಕಳೆದರೆ ನಿವೃತ್ತಿ, ಹಾರ, ಶಾಲು, ನಾಲ್ಕು ಒಳ್ಳೆಯ ಮಾತು. ಹೊಸದನ್ನು ಹಾಕಿದರೆ ಇಪ್ಪತ್ತು ವರ್ಷದ ಕಾಗದಗಳಲ್ಲಿರುವ ಒಂದೊಂದು ಒಂಬತ್ತೂ ಎದ್ದು ನಿಂತು ಅವನ ಹೆಸರು ಹೇಳುತ್ತದೆ. ಅವನು ಫಲಕವನ್ನೇ ಹಿಡಿದು ನಿಂತ.

ದುರ್ಗಮ್ಮನಿಗೆ ಇದೊಂದೂ ತಿಳಿಯದು. ‘ತೆಗೆಯೋಕೆ ಆಗುತ್ತಾ ಅಣ್ಣಾ?’ ಎಂದಳು.

ಅವನು ಸಾಹೇಬರ ಕೋಣೆಗೆ ಹೋದ. ‘ಹೊಸದನ್ನು ಹಾಕಿಸಿ ಸಾರ್. ತಪ್ಪು ನನ್ನದು’ ಎಂದ. 

ಹಾಕುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಖಾಲಿ ಚೌಕ ಒಂದೂ ಬರಲಿಲ್ಲ. ಬಂದದ್ದು ಒಂಬತ್ತು. ಧರ್ಮದಲ್ಲಿ ಒಂಬತ್ತು, ಕರ್ಮದಲ್ಲಿ ಒಂಬತ್ತು, ಸರ್ಕಾರದಲ್ಲೂ ಒಂಬತ್ತು! ಕಚೇರಿಯವರೆಲ್ಲ ಅವನ ಹಿಂದೆ ಗುಂಪುಗೂಡಿ ನೋಡಿದರು. ಯಾರೋ ಕಿಸಕ್ಕೆಂದರು. ಹೆಸರುಗಳನ್ನು ತಿದ್ದಲು ಹೋದರೆ ಅರ್ಕಾವತ್ತನ್ನು ಹೊಡೆಯುವುದು ಹೇಗೆಂದೇ ಅವನಿಗೆ ಗೊತ್ತಿರಲಿಲ್ಲ. ಆ ಗುಮಾಸ್ತೆಯ ಮೇಜಿನ ಹತ್ತಿರ ಹೋಗಿ, ‘ಹೇಳಿಕೊಡಮ್ಮಾ’ ಎಂದು ಕೇಳಿದ. ಅವಳು ಎದ್ದು ಬಂದು ಹೇಳಿಕೊಟ್ಟಳು. ಗಂಟೆ ಐದಾಗಲು ಹತ್ತು ನಿಮಿಷವಿದ್ದಾಗ ಪಟ್ಟಿ ಹೋಯಿತು.

ಹನ್ನೊಂದು ಮಂದಿಗೆ ಹಕ್ಕುಪತ್ರ ಬಂತು. ದುರ್ಗಮ್ಮನಿಗೂ ಬಂತು. ಧರ್ಮಣ್ಣ ಎಂಬವನು ಮಾತ್ರ, ನಿನ್ನ ಹೆಸರು ಇಲ್ಲವಂತೆ ಎಂದು ಕೇಳಿದ ದಿನವೇ ಗುಡಿಸಲು ಬಿಚ್ಚಿಕೊಂಡು ಹೆಂಡತಿ ಮಕ್ಕಳೊಂದಿಗೆ ಹೊರಟುಹೋಗಿದ್ದ. ಎಲ್ಲಿಗೆ ಎಂದು ಯಾರಿಗೂ ತಿಳಿಯಲಿಲ್ಲ. ಅವನ ಹಕ್ಕುಪತ್ರವನ್ನು ಕೈಯಲ್ಲಿ ಹಿಡಿದು ಬೆರಳಚ್ಚುಗಾರ ಮೂರು ಊರು ತಿರುಗಿದ, ಸಿಗಲಿಲ್ಲ. ಉಳಿದ ಎಂಟು ತಿಂಗಳೂ ಅವನು ಹಳೆಯ ಕಾಗದಗಳ ಒಂಬತ್ತುಗಳನ್ನು ಅಕ್ಷರ ಮಾಡುತ್ತ ಕುಳಿತ. ನಿವೃತ್ತನಾದ ದಿನ ಇನ್ನೂ ಎಷ್ಟೋ ಉಳಿದಿದ್ದವು.

ಗುರುಗಳು ಇಷ್ಟು ಹೇಳಿ ಮುಗಿಸಿದರು.  ಮರುಳಸಿದ್ಧನ ಮುಖದಲ್ಲಿ ತುಸು ಗೆಲುವು ಬಂದಿತ್ತು.

“ಹಾಗಾದರೆ ಹೊಸದು ಒಳ್ಳೆಯದು ಎಂದಾಯಿತಲ್ಲವೇ, ಬುದ್ಧೀ?”

“ಅದನ್ನು ಕಂಪ್ಯೂಟರಿನವರು ಹೇಳುತ್ತಾರೆ, ಅವರನ್ನು ಬಿಟ್ಟು ನನ್ನ ಹತ್ತಿರ ಬಂದೆಯಲ್ಲ, ನಿನ್ನ ಒಂಬತ್ತು ಎಲ್ಲಿದೆ ಹೇಳು” ಎಂದರು ಗುರುಗಳು.

ಮರುಳಸಿದ್ಧ ಎದ್ದು ಕಚೇರಿಗೆ ಹೋಗಿ, ಹದಿನೇಳು ವರ್ಷದ ಹಿಂದೆ ಬರೆದ ಮೊದಲ ಹೆಸರಿನಿಂದ ನೋಡತೊಡಗಿದ.