ಲಲಿತಕ್ಕೆ ಯಾವ ವಾಯರು?

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಆಶ್ರಮ. ಅಲ್ಲಿ ಅಡಿವೆಯ್ಯಜ್ಜನವರು ಹಾಡು ಕಲಿಸುತ್ತಿದ್ದರು.

ಅವರ ಗಂಟಲಲ್ಲಿ ಗಂಟೊಂದು ಬೆಳೆದಿತ್ತು. ದೀಪಾವಳಿ ಮುಗಿದ ಮೇಲೆ ಕೊಯ್ದು ತೆಗೆಯುತ್ತೇವೆ, ಆಮೇಲೆ ದನಿ ಉಳಿಯುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಅಜ್ಜನವರು ಆಗಲಿ ಎಂದು ಹೇಳಿ ಬಂದು, ಮರುದಿನ ಬೆಳಿಗ್ಗೆ ಎಂದಿನಂತೆ ಹಾಡಲು ಕೂತರು.

ನೆಮ್ಮದಿ ಕೆಟ್ಟಿದ್ದು ಶಿಷ್ಯನಿಗೆ.

ಶಿಷ್ಯನ ಹೆಸರು ಧರಣೇಂದ್ರ. ಅಜ್ಜನವರ ಲಲಿತ ರಾಗದಲ್ಲಿ ಒಂದು ಇಳಿತವಿತ್ತು. ಒಂದಕ್ಕೊಂದು ತಾಗಿ ಕೂತ ಎರಡು ಮಧ್ಯಮ ಸ್ವರಗಳಲ್ಲಿ ಮೇಲಿನದರಿಂದ ಕೆಳಗಿನದಕ್ಕೆ ದನಿ ಜಾರುತ್ತಿತ್ತು. ಹಾಗೆ ಹಾಡುವವರು ಬೇರೆ ಯಾರೂ ಉಳಿದಿರಲಿಲ್ಲ. ಧರಣೇಂದ್ರನಿಗೆ ಇಡೀ ರಾಗ ಬರುತ್ತಿತ್ತು, ಆ ಇಳಿತ ಮಾತ್ರ ಬರುತ್ತಿರಲಿಲ್ಲ. ಅಜ್ಜನವರ ದನಿ ಹೋದರೆ ಅದೂ ಹೋದಂತೆಯೇ.

ಆ ಪರಂಪರೆಯಲ್ಲಿ ಶಿಷ್ಯ ಗುರುವಿನ ಎದುರು ಕೂಡುವ ರೂಢಿ ಇರಲಿಲ್ಲ. ಬೆನ್ನ ಹಿಂದೆ ಕೂತು ತಂಬೂರಿ ಮೀಟಬೇಕು, ಮೀಟುತ್ತಲೇ ಕಲಿಯಬೇಕು. ಧರಣೇಂದ್ರ ವರ್ಷಗಟ್ಟಲೆ ಹಾಗೆ ಕೂತವನೇ. ಈಗ ಕೂಡುವುದನ್ನು ಬಿಟ್ಟಿದ್ದ.

ಕಾರಣ ಅವನು ಹೇಳುತ್ತಿರಲಿಲ್ಲ. ಅಜ್ಜನವರ ದನಿ ನಡುನಡುವೆ ಒಡೆಯುತ್ತಿತ್ತು, ಅದನ್ನು ಕೇಳಲು ಅವನಿಗೆ ಹೆದರಿಕೆಯಾಗುತ್ತಿತ್ತು.

ಗಂಟು ಏಳುವ ಮೊದಲು ರೆಕಾರ್ಡ್ ಮಾಡಿಕೊಂಡ ಲಲಿತ ಅವನ ಹತ್ತಿರ ಇತ್ತು. ಅದನ್ನು ಕೇಳಲೆಂದೇ ಒಳ್ಳೆಯದರಲ್ಲಿ ಒಳ್ಳೆಯ ಹೆಡ್‌ಫೋನು ತರಿಸಿದ್ದ. ಬೆಳಗಾದರೆ ಕೋಣೆಯ ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, ಆ ಇಳಿತವನ್ನೇ ಮತ್ತೆ ಮತ್ತೆ ಕೇಳುತ್ತಿದ್ದ. ಅತ್ತ ಜಗಲಿಯಲ್ಲಿ ಅಜ್ಜನವರು ತಂಬೂರಿಯನ್ನು ತಾವೇ ಮೀಟಿಕೊಂಡು ಅದೇ ಲಲಿತ ಹಾಡುತ್ತಿದ್ದರು.

ಒಂದು ದಿನ ಅವರೇ ಬಾಗಿಲು ತಟ್ಟಿದರು.

"ಕೇಳಿಸ್ತೇನು?"

"ಕೇಳಿಸ್ತದ್ರಿ ಅಜ್ಜಾರ. ಆದ್ರ ಇಳಿಯೋ ಹೊತ್ತಿಗೆ ಮಬ್ಬಾಗ್ತದ್ರಿ. ಇದರ ಜೋಡಿ ಬಂದ ವಾಯರು ಚಲೋ ಇಲ್ಲ. ತಾಮ್ರದ ಹೆಣಿಗಿದು ಒಂದು ತರಿಸೀನಿ."

"ಬರಲಿ. ಅಲ್ಲೀತನ ಹೊರಗ ಬಾ, ತಂಬೂರಿ ಹಿಡಿ."

"ಇದನ್ನಷ್ಟು ಸರಿಯಾಗಿ ಕೇಳ್ಕೊಂಡು ಬರ್ತೀನ್ರಿ."

ತಾಮ್ರದ ವಾಯರು ಬಂತು. ಜಡೆಯಂತೆ ಹೆಣೆದದ್ದು, ನೋಡಲೂ ಚೆಂದ. ಧರಣೇಂದ್ರ ಅದನ್ನು ಸಿಕ್ಕಿಸಿ ಕೇಳಿದ. ದನಿ ತುಂಬಿಕೊಂಡು ಬಂತು. ಅವನು ಹಿಗ್ಗಿ ಹೆಡ್‌ಫೋನನ್ನು ಅಜ್ಜನವರ ಕಿವಿಗೆ ಹಾಕಿದ.

ಅಜ್ಜನವರು ತಲೆದೂಗುತ್ತ ಕೇಳಿದರು.

"ಚಲೋ ಹಾಡ್ತಾನ ಇಂವ. ಯಾರ ಶಿಷ್ಯ?"

"ಅಜ್ಜಾರ, ಚ್ಯಾಷ್ಟಿ ಬ್ಯಾಡ್ರಿ. ಇಳಿತ ಕೇಳ್ರಿ. ದುಂಡಗ ಬರ್ತದಲ್ರಿ?"

"ಬರ್ತದ. ಈಗ ನೀ ಹಾಡು."

ಧರಣೇಂದ್ರ ಹಾಡಿದ. ಮೇಲಿನ ಮಧ್ಯಮದಲ್ಲಿ ನಿಂತು ಕೆಳಗಿನದಕ್ಕೆ ಕಾಲಿಟ್ಟಾಗ ದನಿ ಮೆಟ್ಟಿಲು ತಪ್ಪಿದಂತೆ ಮುಗ್ಗರಿಸಿತು.

"ತಾಮ್ರ ದುಂಡಗ ಮಾಡಿ ಅಂಚು ತಿಂದುಬಿಡ್ತದ್ರಿ," ಎಂದ ಅವನು. "ಬೆಳ್ಳಿದು ಬೇಕು."

ಬೆಳ್ಳಿಯದೂ ಬಂತು. ಈಗ ಧರಣೇಂದ್ರನ ಕಣ್ಣುಗಳು ಕೆಂಪಗಿದ್ದವು, ಊಟ ಅರ್ಧಕ್ಕೇ ಮುಗಿಯುತ್ತಿತ್ತು. ಮಾತಾಡುವಾಗಲೂ ಅವನ ಬೆರಳುಗಳು ವಾಯರಿನ ಪಿನ್ನುಗಳನ್ನು ಹುಡುಕುತ್ತಿದ್ದವು.

"ಇದರಾಗ ಕೇಳಿಸ್ತೇನು?" ಎಂದರು ಅಜ್ಜನವರು.

"ಎಲ್ಲಾ ಕೇಳಿಸ್ತದ್ರಿ. ನಿಮ್ಮ ತುಟಿ ತೆರೆದಿದ್ದು, ಮುಚ್ಚಿದ್ದು. ಹಿತ್ತಲದಾಗ ಎಮ್ಮಿ ಒದರಿದ್ದೂ ಕೇಳಿಸ್ತದ್ರಿ."

"ಹೌದು, ಆವತ್ತು ನೀರು ಕೇಳಿತ್ತದು. ಹಾಕು ಅಂತ ನಿನಗ ಹೇಳಿದ್ದೆ. ನೀ ಮಶೀನ್ ಹಿಡ್ಕೊಂಡು ಕೂತಿದ್ದಿ."

ಧರಣೇಂದ್ರನಿಗೆ ಎಮ್ಮೆಯ ಮಾತು ಬೇಕಿರಲಿಲ್ಲ.

"ತಾಮ್ರದಾಗ ನಿಮ್ಮ ದನಿ ಒಂದು ನಮೂನಿ, ಬೆಳ್ಳಿದಾಗ ಇನ್ನೊಂದು ನಮೂನಿ ಐತ್ರಿ. ಯಾವುದು ಖರೆ, ಅಷ್ಟು ಹೇಳ್ರಿ ಸಾಕು. ನನಗ ಹೊತ್ತಿಲ್ರಿ."

ಅಜ್ಜನವರು ಜಗಲಿಗೆ ಹೋಗಿ ತಂಬೂರಿ ತೊಡೆಗೆ ಒರಗಿಸಿಕೊಂಡರು. ತಂತಿಯ ಬುಡದಲ್ಲಿ, ತಂತಿಯನ್ನು ಹೊತ್ತ ಕುದುರೆ ಎಂಬ ಪಟ್ಟಿಯ ಮೇಲೆ, ಒಂದು ಎಳೆ ಹತ್ತಿಯ ನೂಲು ಇರುತ್ತದೆ. ಅದನ್ನು ತೆಗೆದು ಮೀಟಿದರು. ನಾದ ಮೊಂಡಾಗಿತ್ತು. ಮೀಟುತ್ತಲೇ ನೂಲನ್ನು ಮತ್ತೆ ಸೇರಿಸಿ, ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಸರಿಸಿದರು. ಒಂದು ಕಡೆ ನಾದ ತೆರೆದುಕೊಂಡು ಜಗಲಿ ತುಂಬಿತು.

"ನೋಡ್ರಿ ಮತ್ತ," ಧರಣೇಂದ್ರನಿಗೆ ಗೆದ್ದ ಖುಷಿ. "ಒಂದು ನೂಲಿನೆಳಿಗೇ ಇಷ್ಟು ಫರಕ್ ಆಗ್ತದ. ವಾಯರಿಗೆ ಆಗೂದಿಲ್ಲೇನ್ರಿ?"

"ಆಗ್ತದ. ನಾ ಎಲ್ಲಿ ಇಲ್ಲ ಅಂದೆ?"

"ಮತ್ತ?"

"ನೂಲು ಸರಿಸೋವಾಗ ತಂತಿ ಸುಮ್ಮನಿತ್ತೇನು?"

ಧರಣೇಂದ್ರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ತಾಮ್ರದಲ್ಲಿ ಕೇಳಿದ, ಬೆಳ್ಳಿಯಲ್ಲಿ ಕೇಳಿದ, ಮತ್ತೆ ತಾಮ್ರ. ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸುವ ಹೊತ್ತಿನಲ್ಲಿ ಕಿವಿಯಲ್ಲಿ ಏನೂ ಇರುತ್ತಿರಲಿಲ್ಲ. ಅಷ್ಟರಲ್ಲಿ ಹಿಂದಿನದು ಮಸುಕಾಗಿ, ಅದು ಹೀಗಿತ್ತು ಎಂಬ ತನ್ನದೇ ಎಣಿಕೆ ಉಳಿಯುತ್ತಿತ್ತು.

ಹೊರಗೆ ಬಂದು ಒಪ್ಪಿಕೊಂಡ.

"ಅಜ್ಜಾರ, ವಾಯರು ಬದಲಿ ಮಾಡೂದ್ರಾಗ ಹಿಂದಿಂದು ಮರ್ತು ಹೋಗಿರ್ತದ್ರಿ."

"ಹಂಗಾದ್ರ ಇಷ್ಟು ದಿನ ಯಾವುದನ್ನ ಯಾವುದಕ್ಕ ಹೋಲಿಸ್ತಿದ್ದಿ?"

ಅದಕ್ಕೆ ಉತ್ತರವಾಗಿ ಅವನು ಇನ್ನೊಂದು ವಾಯರು ತರಿಸಿದ.

ದೀಪಾವಳಿ ಬಂತು, ಹೋಯಿತು. ಅಜ್ಜನವರು ಆಸ್ಪತ್ರೆಗೆ ಹೊರಡುವ ದಿನವೂ ಬಂತು. ಜೀಪು ಊಟದ ಹೊತ್ತಿಗೆ ಬರುವುದಿತ್ತು. ಹೊಸ ವಾಯರಿನ ಪೆಟ್ಟಿಗೆ ಹಿಂದಿನ ಸಂಜೆಯಷ್ಟೇ ತಲುಪಿತ್ತು.

ಬೆಳಕು ಹರಿಯುವ ಮೊದಲೇ ಧರಣೇಂದ್ರ ಎದ್ದು ಪೆಟ್ಟಿಗೆ ಹರಿದ. ಈ ವಾಯರು ಬೆರಳು ದಪ್ಪ, ತಾಮ್ರ ಬೆಳ್ಳಿ ಎರಡೂ ಸೇರಿದ್ದು. ಹಳೆಯದನ್ನು ಹಿಡಿದು ಜಗ್ಗಿದ. ಇಷ್ಟು ದಿನ ಕಿತ್ತು ಸಿಕ್ಕಿಸಿ ಸವೆದ ಪಿನ್ನು ಕಟ್ಟನೆ ಮುರಿದು ಹೆಡ್‌ಫೋನಿನ ಒಳಗೇ ಉಳಿಯಿತು. ಉಗುರಿನಿಂದ ಕೆದಕಿದ, ಸೂಜಿ ತಂದು ಕೆದಕಿದ. ಪಿನ್ನು ಇನ್ನೂ ಒಳಗೆ ಹೋಯಿತು.

ಅವನು ಹೆಡ್‌ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ. ಅಳು ಬಂತು, ಅತ್ತ.

ಆಗ ಜಗಲಿಯಿಂದ ತಂಬೂರಿ ಕೇಳಿಸಿತು.

ಅವನು ಎದ್ದು ಹೋದ. ಅಜ್ಜನವರು ನದಿಯ ಕಡೆ ಮುಖ ಮಾಡಿ ಕೂತಿದ್ದರು. ಬಂದೆಯಾ ಎನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ತಂಬೂರಿಯನ್ನು ಹಿಂದಕ್ಕೆ ಚಾಚಿದರು.

ಧರಣೇಂದ್ರ ಅದನ್ನು ಇಸಿದುಕೊಂಡು ಬೆನ್ನ ಹಿಂದೆ ಕೂತ.

"ಅಜ್ಜಾರ, ಇವತ್ತರ ಗಂಟಲಕ್ಕ ತ್ರಾಸ ಕೊಡಬ್ಯಾಡ್ರಿ."

"ಉಳಿಸಿಕೊಂಡು ನಾಳೆ ಏನು ಮಾಡಲಿ?"

ಅಜ್ಜನವರು ಲಲಿತ ಎತ್ತಿಕೊಂಡರು. ದನಿ ಹರಿದ ಬಟ್ಟೆಯಂತೆ ಅಲ್ಲಲ್ಲಿ ತೆರೆದುಕೊಳ್ಳುತ್ತಿತ್ತು. ಧರಣೇಂದ್ರ ಅಭ್ಯಾಸದಂತೆ ಕಣ್ಣು ಮುಚ್ಚಿ ಮೀಟುತ್ತಿದ್ದ. ಪ್ರತಿ ಬಿರುಕಿಗೂ ಅವನಿಗೆ ಎದ್ದು ಹೋಗಬೇಕೆನಿಸುತ್ತಿತ್ತು. ಆದರೂ ಏಳಲಿಲ್ಲ.

ಇಳಿತ ಹತ್ತಿರ ಬಂತು. ಮೇಲಿನ ಮಧ್ಯಮದಲ್ಲಿ ದನಿ ನಿಂತಿತು, ನಡುಗಿತು, ನಿಂತೇ ಹೋಯಿತು.

ಧರಣೇಂದ್ರ ಗಾಬರಿಯಾಗಿ ಕಣ್ಣು ಬಿಟ್ಟ.

ಎದುರಿಗೆ ಅಜ್ಜನವರ ಬರಿಬೆನ್ನು ಇತ್ತು. ದನಿ ನಿಂತಿದ್ದರೂ ಬೆನ್ನು ನಿಂತಿರಲಿಲ್ಲ. ಎಡಗಡೆಯ ಹೆಗಲೆಲುಬು ಸಡಿಲಾಗಿ ಕೆಳಗಿಳಿಯಿತು. ಪಕ್ಕೆಗಳು ಮೆಲ್ಲಗೆ ಒಳಕ್ಕೆ ಹೋದವು. ಅಜ್ಜನವರು ಉಸಿರನ್ನು ಮೊದಲು ಇಳಿಸುತ್ತಿದ್ದರು, ದನಿ ಅದರ ಹಿಂದೆ ತಾನಾಗಿ ಬರಬೇಕಿತ್ತು. ಧರಣೇಂದ್ರ ಇಷ್ಟು ದಿನ ದನಿಯನ್ನೇ ತಳ್ಳಿ ಇಳಿಸಲು ಹೆಣಗಿದ್ದ.

ಅವನು ತನ್ನ ಹೆಗಲನ್ನು ಸಡಿಲ ಬಿಟ್ಟ. ಉಸಿರು ಇಳಿಯಿತು. ಅಜ್ಜನವರು ಬಿಟ್ಟ ಕಡೆಯಿಂದಲೇ ದನಿ ಎತ್ತಿಕೊಂಡ. ದನಿ ಜಾರಿ ಬಂದು ಕೆಳಗಿನ ಮಧ್ಯಮದಲ್ಲಿ ಕೂತಿತು.

ಅಜ್ಜನವರ ಬೆನ್ನು ಅಲುಗಲಿಲ್ಲ. ಅವರು ಕೇಳುತ್ತಿದ್ದರು.

ಧರಣೇಂದ್ರ ಮತ್ತೊಮ್ಮೆ ಹಾಡಿದ. ಮತ್ತೊಮ್ಮೆಯೂ ಬಂತು. ಅವನ ಗಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ಅಜ್ಜಾರ, ಬಂತೇನ್ರಿ?"

ಅಜ್ಜನವರು ಕೈಯನ್ನು ಹಿಂದಕ್ಕೆ ಚಾಚಿ, ತಡವಿ, ಅವನ ಮೊಣಕಾಲಿನ ಮೇಲೆ ಇಟ್ಟರು. ಮಾತಿಗೂ ದನಿ ಏಳುತ್ತಿರಲಿಲ್ಲ. ಪಿಸುಗುಟ್ಟಿದರು.

"ಹಿತ್ತಲದಾಗ ಎಮ್ಮಿ ಒದರಾಕತ್ತೈತಿ. ಈಗರ ಕೇಳಿಸ್ತೇನು?"