ಕರಿಗಿರಿ ಅರಸರ ಇಂಗ್ಲಿಷ್ ಪರೀಕ್ಷೆ

"ಇಂಗ್ಲಿಷಿನ ಯಾವ ಪದ ಬೇಕಾದರೂ ಕೇಳಿ. ಅದು ನೌನೋ, ವರ್ಬೋ, ಅಡ್ಜೆಕ್ಟಿವೋ, ಕೂತಲ್ಲೇ ಹೇಳುತ್ತೇವೆ" ಎಂದು ಕರಿಗಿರಿಯ ಅರಸರು ಮುದ್ದವೀರ ನಾಯಕರು ತುಂಬಿದ ಸಭೆಯಲ್ಲಿ ಮೀಸೆ ತಿರುವಿದರು.

ಅವರಿಗೆ ಪಾಠ ಹೇಳಲು ಮದರಾಸಿನಿಂದ ದೊರೆಸಾಮಿ ಮೇಷ್ಟ್ರು ಬಂದು ಮೂರು ತಿಂಗಳಾಗಿತ್ತು. ಹೆಸರಾದರೆ ನೌನು, ಕೆಲಸವಾದರೆ ವರ್ಬು, ಗುಣವಾದರೆ ಅಡ್ಜೆಕ್ಟಿವು; ವಿದ್ಯೆ ಅಲ್ಲಿಗೆ ಬಂದು ನಿಂತಿತ್ತು. ಆದರೂ ಅಂದು ಕೇಳಿದ ಪದಗಳಲ್ಲಿ ಅರಸರು ಒಂದನ್ನೂ ತಪ್ಪಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

"ನಾಳೆ ಕೇಳುವ ಸರದಿ ನಮ್ಮದು. ದಫ್ತರದ ವೆಂಕಪಯ್ಯನವರಿಂದಲೇ ಶುರು. ಐದು ಪದಕ್ಕೆ ಉತ್ತರ ಬಾರದಿದ್ದರೆ ಆ ಜಾಗಕ್ಕೆ ಇಂಗ್ಲಿಷ್ ಬಲ್ಲವರು ಬರುತ್ತಾರೆ."

ವೆಂಕಪಯ್ಯ ಮೂವತ್ತು ವರ್ಷ ಸಂಸ್ಥಾನದ ಕಾಗದಪತ್ರ ಕಾದ ಮುದುಕ. ಸಭೆ ಮುಗಿದ ಮೇಲೆ ವಿದೂಷಕ ಕೆಂಚಪ್ಪನ ಮುಂದೆ ಕುಸಿದು ಕೂತರು.

"ಈ ವಯಸ್ಸಲ್ಲಿ ನನ್ನ ನಾಲಿಗೆ ಹೊರಳೀತೇನಪ್ಪ? ಕೆಲಸ ಹೋದ ಹಾಗೇ."

"ನಿಮ್ಮ ಬದಲು ನಾನು ನಿಲ್ಲುತ್ತೇನೆ, ಅಯ್ನೋರೆ."

"ನಿನಗೆ ಎ ಬಿ ಸಿ ಬರುತ್ತಾ?"

"ಇಲ್ಲ. ಆದರೆ ಇವತ್ತು ನೀವೆಲ್ಲ ಅರಸರನ್ನು ನೋಡುತ್ತಿದ್ದಿರಿ. ನಾನು ಅರಸರು ಯಾರನ್ನು ನೋಡುತ್ತಾರೆ ಅಂತ ನೋಡಿದೆ."

ಮರುದಿನ ಅರಸರು ಬದಲಿ ಆಳಿಗೆ ಒಪ್ಪಿದರು. ವಿದೂಷಕನ ಪೇಚಾಟ ನೋಡುವ ಆಸೆ ಅವರಿಗೂ ಇತ್ತು. "ಪಕ್ಕದಲ್ಲಿ ನಿಂತರೆ ಧೈರ್ಯ" ಎಂದು ಕೆಂಚಪ್ಪ ಸಿಂಹಾಸನಕ್ಕೆ ಒತ್ತಿ ನಿಂತ.

ಅರಸರು ಪಾಠದ ಪುಸ್ತಕ ತೆರೆದರು. "ಎಲಿಫೆಂಟ್."

ಉತ್ತರ ಸರಿಯೋ ತಪ್ಪೋ ತಮಗೂ ತಿಳಿಯಬೇಕಲ್ಲ, ಎಂದಿನಂತೆ ಎದುರಿನ ಕಂಬದ ಕಡೆ ಕಣ್ಣು ಹಾಯಿಸಿದರು. ಅಲ್ಲಿ ನಿಂತಿದ್ದ ಮೇಷ್ಟ್ರು ರುಮಾಲು ಮುಟ್ಟಿಕೊಂಡರು.

"ನೌನು" ಎಂದ ಕೆಂಚಪ್ಪ.

"ಬ್ರಿಂಗ್."

ಮೇಷ್ಟ್ರು ನಶ್ಯದ ಡಬ್ಬಿ ತೆಗೆದರು.

"ವರ್ಬು."

"ಬ್ಯೂಟಿಫುಲ್."

ಮೇಷ್ಟ್ರು ಕಿವಿ ತುರಿಸಿಕೊಂಡರು.

"ಅಡ್ಜೆಕ್ಟಿವು."

ನಾಲ್ಕನೆಯದಕ್ಕೆ ಮತ್ತೆ ರುಮಾಲು, ಮತ್ತೆ ನೌನು. ಆಗ ಕೆಂಚಪ್ಪನ ಕಣ್ಣು ತಮ್ಮ ಮೇಲಿರುವುದು ಮೇಷ್ಟ್ರಿಗೆ ಹೊಳೆಯಿತು. ಎರಡೂ ಕೈ ಶಾಲಿನೊಳಗೆ ಸೇರಿದವು.

"ಪ್ರಿವೆಂಟ್."

ಕೆಂಚಪ್ಪ ಕಂಬದತ್ತ ಕತ್ತು ಚಾಚಿದ.

"ಯಾಕಯ್ಯ, ಬಾಯಿ ಕಟ್ಟಿತೇ?" ಅರಸರಿಗೆ ಖುಷಿ.

"ಸೋತೆ ಮಹಾಸ್ವಾಮಿ. ಪ್ರಭುಗಳೇ ಅಪ್ಪಣೆ ಕೊಡಿಸಬೇಕು."

ಅರಸರು ಗತ್ತಿನಿಂದ ಬಾಯಿ ತೆರೆದು ಕಂಬದತ್ತ ನೋಡಿದರು. ಶಾಲು ಅಲುಗಲಿಲ್ಲ. ಕೆಮ್ಮಿದರು. ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು. ಸಭೆ ಕಾಯುತ್ತಲೇ ಇತ್ತು.

ಕೆಂಚಪ್ಪ ಬಗ್ಗಿ ಕಿವಿಯಲ್ಲಿ ಹೇಳಿದ: "ಈ ಪಾಠ ನಮ್ಮಿಬ್ಬರಿಗೂ ಇನ್ನೂ ಆಗಿಲ್ಲ, ಮಹಾಸ್ವಾಮಿ."

ಅರಸರು ತುಟಿ ಕಚ್ಚಿ ಹಿಡಿದರೂ ಹೊಟ್ಟೆ ಕುಲುಕತೊಡಗಿತು. ಕಡೆಗೆ ಸಿಂಹಾಸನವೇ ಅದುರುವಂತೆ ನಕ್ಕುಬಿಟ್ಟರು. ನಗುತ್ತಲೇ ಕೊರಳ ಸರ ತೆಗೆದು ಕೆಂಚಪ್ಪನಿಗೆ ಹಾಕಿದರು.

"ವೆಂಕಪಯ್ಯನವರೇ, ಹೋಗಿ ನಿಮ್ಮ ದಫ್ತರ ನೋಡಿಕೊಳ್ಳಿ. ಮೇಷ್ಟ್ರೇ, ನಾಳೆಯಿಂದ ನೀವು ನಮ್ಮ ಕಣ್ಣಿಗೆ ಬೀಳದಂತೆ ಬೆನ್ನ ಹಿಂದೆ ನಿಂತು ಪಾಠ ಹೇಳಿ."